ತತ್ವವೋ ಒಗ್ಗಟ್ಟೋ: ರಿಪಬ್ಲಿಕನ್ ಪ್ರೈಮರಿಗೆ ಮೊದಲು ಮಾಡಿಕೊಳ್ಳಬೇಕಾದ ತಯಾರಿ

2016ರ ಫೆಬ್ರವರಿ 1, ಸೋಮವಾರ ರಾತ್ರಿ. ಅಯೋವಾ ರಾಜ್ಯದ ಡಿಮೊಯ್ನ್ ಪಕ್ಕದ ಒಂದು ಪ್ರಾಥಮಿಕ ಶಾಲೆಯ ಊಟದ ಹಾಲ್. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರಾಗಬೇಕು ಎಂದು ಊರಿನವರು ಸೇರಿ ಓಟು ಹಾಕುವ ಸಭೆ, ಅದಕ್ಕೆ ಇಲ್ಲಿ ಕಾಕಸ್ ಎನ್ನುತ್ತಾರೆ. ಮಕ್ಕಳು ಕೂರುವ ಗಿಡ್ಡ ಬೆಂಚುಗಳ ಮೇಲೆ ಇನ್ನೂರಕ್ಕೂ ಜಾಸ್ತಿ ಜನ ಕೋಟು ಬಿಚ್ಚದೆ ಕೂತಿದ್ದೆವು. ನನ್ನ ಕೈಯಲ್ಲಿ ಅಂಗೈ ಅಗಲದ ಒಂದು ಬಿಳಿ ಚೀಟಿ. ಅದರ ಮೇಲೆ ಯಾರ ಹೆಸರೂ ಅಚ್ಚಾಗಿರಲಿಲ್ಲ. ನಾವೇ ಪೆನ್ನು ಹಿಡಿದು ಬರೆಯಬೇಕು.

ಬಲಗಡೆ ಕೂತಿದ್ದ ಪಕ್ಕದ ಮನೆಯವರು ನನ್ನ ಕಡೆ ಬಾಗಿ ಹೇಳಿದರು, ‘ನವೆಂಬರ್‌ನಲ್ಲಿ ಗೆಲ್ಲುವವರ ಹೆಸರು ಬರೀರಿ. ಸೋತರೆ ಎಲ್ಲವೂ ಹೋಗುತ್ತೆ.’ ಮುಂದಿನ ಬೆಂಚಿನ ಹಿರಿಯರೊಬ್ಬರು ಅದನ್ನು ಕೇಳಿಸಿಕೊಂಡು ತಿರುಗಿದರು. ‘ನಂಬಿದ್ದನ್ನು ಬಿಟ್ಟು ಗೆದ್ದರೆ ಗೆದ್ದದ್ದಾದರೂ ಯಾರು?’ ಎಂದರು. ಇಬ್ಬರ ಮಾತೂ ನನಗೆ ಸರಿ ಅನ್ನಿಸಿತು. ಚೀಟಿ ಸಂಗ್ರಹಿಸುವವರು ನಮ್ಮ ಸಾಲಿಗೆ ಬಂದರು. ಅವಸರದಲ್ಲಿ ಒಂದು ಹೆಸರು ಗೀಚಿ ಕೊಟ್ಟೆ.

ಮನೆಗೆ ಬರುವಾಗ ಕಾರಿನಲ್ಲಿ ನಮ್ಮವರನ್ನು ಕೇಳಿದೆ, ‘ರೀ, ನೀವು ಯಾರ ಹೆಸರು ಬರೆದ್ರಿ?’

‘ನೀನು ಮೊದಲು ಹೇಳು.’

ಇಬ್ಬರೂ ಬೇರೆ ಬೇರೆ ಹೆಸರು ಬರೆದಿದ್ದೆವು. ಅದು ನನಗೆ ನೋವಾಗಲಿಲ್ಲ. ಯಾಕೆ ಬರೆದೆವು ಎಂದು ಇಬ್ಬರಿಗೂ ಸರಿಯಾಗಿ ಹೇಳಲು ಬರಲಿಲ್ಲ, ಅದು ನೋವಾಯಿತು. ಎಷ್ಟೋ ವರ್ಷ ಕಾದು ಪಡೆದ ಓಟು ಅದು.

ನಾನು ಅಕೌಂಟೆಂಟ್. 2007ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು. 2008, 2012, 2016, 2024, ಈ ನಾಲ್ಕು ಸಲ ಅಯೋವಾದ ರಿಪಬ್ಲಿಕನ್ ಕಾಕಸ್‌ಗೆ ಹೋಗಿದ್ದೇನೆ. ಬಹಳಷ್ಟು ರಾಜ್ಯಗಳಲ್ಲಿ ಇದೇ ಆಯ್ಕೆ ಸಭೆಯ ಬದಲು ಮತಗಟ್ಟೆಯಲ್ಲಿ ನಡೆಯುತ್ತದೆ, ಅದಕ್ಕೆ ಪ್ರೈಮರಿ ಎನ್ನುತ್ತಾರೆ. ನಾನು ಕನ್ಸರ್ವೇಟಿವ್. ಸರ್ಕಾರ ಇಲ್ಲದ ದುಡ್ಡನ್ನು ಖರ್ಚು ಮಾಡಬಾರದು, ನ್ಯಾಯಾಧೀಶರು ಕಾನೂನನ್ನು ಬರೆದಿರುವ ಹಾಗೆ ಓದಬೇಕು, ಊರಿನ ಮಟ್ಟದಲ್ಲಿ ಆಗುವ ಕೆಲಸ ವಾಷಿಂಗ್ಟನ್‌ಗೆ ಹೋಗಬಾರದು ಎಂದು ನಂಬಿದವಳು. 2028ರಲ್ಲಿ ಮೊದಲ ಸಲ ಪ್ರೈಮರಿಯಲ್ಲಿ ಓಟು ಹಾಕುವ ಕನ್ನಡದವರು ಈಗಲೇ ನನ್ನನ್ನು ಕೇಳುತ್ತಿದ್ದಾರೆ. ‘ಅಕ್ಕಾ, ಮನಸ್ಸಿಗೆ ಹಿಡಿಸಿದವರಿಗೆ ಹಾಕೋದಾ, ಪಕ್ಷ ಒಡೆಯದ ಹಾಗೆ ನೋಡೋದಾ?’ ಆ ರಾತ್ರಿಯ ಆಮೇಲೆ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತೇನೆ.

ನನಗೆ ಅರ್ಥವಾದದ್ದು ಇಷ್ಟು. ಒಗ್ಗಟ್ಟಿಗೆ ಬೆಲೆ ಇದೆ. ಗೆದ್ದ ಅಭ್ಯರ್ಥಿಗೆ ನಮ್ಮ ಓಟು ಬೇಕೇ ಬೇಕು. ಆ ಬೆಲೆಯನ್ನು ತತ್ವದ ರೂಪದಲ್ಲೇ ವಸೂಲಿ ಮಾಡಬೇಕು. ಅದಕ್ಕೆ ಕೇಳುವ ಸಮಯ ಗೊತ್ತಿರಬೇಕು.

ಮೊದಲು ನಿಮ್ಮ ರಾಜ್ಯದ ನಿಯಮ

ತತ್ವದ ಚರ್ಚೆ ಆಮೇಲೆ. ಮೊದಲು ನಿಮಗೆ ಓಟು ಇದೆಯಾ ನೋಡಿಕೊಳ್ಳಿ. ಫ್ಲಾರಿಡಾ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಪ್ರೈಮರಿ. ಕೊನೆಯ ದಿನ ದಾಟಿದರೆ ಮುಗಿಯಿತು. 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಮಕ್ಕಳಾದ ಇವಾಂಕಾ ಮತ್ತು ಎರಿಕ್ ಅವರಿಗೇ ನ್ಯೂಯಾರ್ಕ್‌ನಲ್ಲಿ ಅಪ್ಪನಿಗೆ ಓಟು ಹಾಕಲು ಆಗಲಿಲ್ಲ. ಪಕ್ಷಕ್ಕೆ ಸೇರುವ ಗಡುವು ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಮುಗಿದಿತ್ತು. ದಕ್ಷಿಣ ಕೆರೊಲೈನಾದಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾರು ಬೇಕಾದರೂ ಹಾಕಬಹುದು. ನಮ್ಮ ಅಯೋವಾದಲ್ಲಿ ಕಾಕಸ್‌ನ ರಾತ್ರಿ ಬಾಗಿಲಲ್ಲೇ ರಿಪಬ್ಲಿಕನ್ ಎಂದು ನೋಂದಾಯಿಸಿಕೊಂಡು ಒಳಗೆ ಹೋಗಬಹುದು.

ಎರಡನೆಯದಾಗಿ, ನಿಮ್ಮ ಓಟು ಡೆಲಿಗೇಟ್ ಆಗುವುದು ಹೇಗೆ ಎಂದು ನೋಡಿ. ಅಧ್ಯಕ್ಷೀಯ ಅಭ್ಯರ್ಥಿಯನ್ನು ಕೊನೆಗೆ ಆರಿಸುವವರು ಈ ಡೆಲಿಗೇಟ್‌ಗಳು. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ತತ್ವವೋ ಒಗ್ಗಟ್ಟೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. 2016ರ ಅಯೋವಾದಲ್ಲಿ ಟೆಡ್ ಕ್ರೂಝ್‌ಗೆ ಶೇ 27.6, ಟ್ರಂಪ್‌ಗೆ ಶೇ 24.3, ಮಾರ್ಕೊ ರೂಬಿಯೊಗೆ ಶೇ 23.1 ಓಟು ಬಂತು. ಡೆಲಿಗೇಟ್‌ಗಳು ಕ್ರಮವಾಗಿ 8, 7, 7. ಅಂದರೆ ಗೆದ್ದವರಿಗೂ ಮೂರನೆಯವರಿಗೂ ಒಂದೇ ಒಂದು ಡೆಲಿಗೇಟ್ ವ್ಯತ್ಯಾಸ. ಅದೇ ತಿಂಗಳು ದಕ್ಷಿಣ ಕೆರೊಲೈನಾದಲ್ಲಿ ಟ್ರಂಪ್‌ಗೆ ಬಂದದ್ದು ಶೇ 32.5. ಸಿಕ್ಕಿದ್ದು 50ಕ್ಕೆ 50 ಡೆಲಿಗೇಟ್. ಕ್ರೂಝ್ ಮತ್ತು ರೂಬಿಯೊ ಇಬ್ಬರ ಓಟು ಕೂಡಿಸಿದರೆ ಶೇ 44ಕ್ಕೂ ಜಾಸ್ತಿ ಇತ್ತು. ಆದರೂ ಸಿಕ್ಕಿದ್ದು ಸೊನ್ನೆ.

ಹಾಗಾಗಿ ನಾನು ಹೇಳುವುದು ಹೀಗೆ. ಓಟಿನ ಪ್ರಮಾಣಕ್ಕೆ ತಕ್ಕಂತೆ ಡೆಲಿಗೇಟ್ ಹಂಚುವ ರಾಜ್ಯದಲ್ಲಿದ್ದರೆ, ಅದರಲ್ಲೂ ಶುರುವಿನಲ್ಲೇ ಓಟು ಬಂದರೆ, ಮನಸ್ಸಿಗೆ ಪೂರ್ತಿ ಒಪ್ಪುವವರಿಗೆ ಹಾಕಿ. ಗೆದ್ದವರಿಗೇ ಎಲ್ಲ ಹೋಗುವ ರಾಜ್ಯದಲ್ಲಿದ್ದರೆ, ನಿಮಗೆ ಒಪ್ಪುವ ಇಬ್ಬರು ಮೂವರಲ್ಲಿ ಮುಂದಿರುವವರು ಯಾರು ನೋಡಿ ಅವರ ಹಿಂದೆ ನಿಲ್ಲಿ. ಒಂದೇ ತತ್ವದವರು ಓಟು ಹಂಚಿಕೊಂಡು ಸೋಲುವುದನ್ನು ತತ್ವನಿಷ್ಠೆ ಎಂದು ನಾನು ಕರೆಯುವುದಿಲ್ಲ.

ಮತಪತ್ರದ ರೂಪವನ್ನೂ ಮೊದಲೇ ನೋಡಿಟ್ಟುಕೊಳ್ಳಿ. 2016ರ ಪೆನ್ಸಿಲ್ವೇನಿಯಾದಲ್ಲಿ 71 ಡೆಲಿಗೇಟ್‌ಗಳಲ್ಲಿ 54 ಜನರನ್ನು ಜನ ನೇರವಾಗಿ ಹೆಸರು ನೋಡಿ ಆರಿಸಬೇಕಿತ್ತು. ಆ ಹೆಸರಿನ ಪಕ್ಕ ಅವರು ಯಾವ ಅಭ್ಯರ್ಥಿಯ ಕಡೆ ಎಂದೇ ಬರೆದಿರಲಿಲ್ಲ. ಅಲ್ಲಿದ್ದ ನನ್ನ ಗೆಳತಿ ಬೂತ್‌ನಲ್ಲಿ ನಿಂತು ಗೊತ್ತಿಲ್ಲದ ಹೆಸರುಗಳನ್ನು ನೋಡುತ್ತಾ ಕಕ್ಕಾಬಿಕ್ಕಿಯಾದಳಂತೆ. ಅದೇ ವರ್ಷ ಇಲಿನಾಯ್‌ನಲ್ಲಿ ಹೆಸರಿನ ಪಕ್ಕ ಅಭ್ಯರ್ಥಿ ಯಾರೆಂದು ಅಚ್ಚಾಗಿತ್ತು. ಆದರೂ ಹೊರದೇಶದ್ದೆಂದು ತೋರುವ ಹೆಸರಿನ ಡೆಲಿಗೇಟ್‌ಗಳಿಗೆ, ಅದೇ ಅಭ್ಯರ್ಥಿಯ ಉಳಿದ ಡೆಲಿಗೇಟ್‌ಗಳಿಗಿಂತ ಕಡಿಮೆ ಓಟು ಬಿತ್ತು. ನಮ್ಮಂಥ ಹೆಸರಿನವರಿಗೆ ಇದು ಬೇಸರದ ಸಂಗತಿ. ಅಂಥ ಹೆಸರು ಕಂಡರೆ ಬಿಟ್ಟು ಮುಂದೆ ಹೋಗಬೇಡಿ.

ಒಂದು ಹಾಳೆ, ಮೂರು ಕಾಲಮ್

ಡಿಬೇಟ್‌ಗಳು ಶುರುವಾಗುವ ಮೊದಲೇ ಈ ಕೆಲಸ ಮಾಡಿ. ಶುರುವಾದ ಮೇಲೆ ಯಾರ ಮಾತು ಚೆನ್ನಾಗಿದೆಯೋ ಆ ಕಡೆ ಮನಸ್ಸು ವಾಲುತ್ತದೆ. ಆಮೇಲೆ ತತ್ವವನ್ನು ಆ ಮುಖಕ್ಕೆ ಹೊಂದಿಸಿಕೊಳ್ಳುತ್ತೇವೆ.

ಹಾಳೆಯಲ್ಲಿ ಮೂರು ಕಾಲಮ್ ಹಾಕಿ. ಮೊದಲನೆಯದಕ್ಕೆ ‘ಬಿಡಲ್ಲ’ ಎಂದು ಬರೆಯಿರಿ. ಎರಡನೆಯದು ‘ಕೇಳ್ತೀನಿ’. ಮೂರನೆಯದು ‘ಸಿಕ್ಕರೆ ಸಂತೋಷ’. ಮೊದಲ ಕಾಲಮ್‌ನಲ್ಲಿ ಎರಡು, ಜಾಸ್ತಿ ಅಂದರೆ ಮೂರು ವಿಷಯ ಇರಲಿ. ಅಲ್ಲಿರುವ ಒಂದು ವಿಷಯ ಮುರಿದರೂ ಪಕ್ಷ ಯಾರನ್ನೇ ನಿಲ್ಲಿಸಲಿ ನೀವು ಓಟು ಹಾಕುವುದಿಲ್ಲ, ಅಷ್ಟು ಗಟ್ಟಿ ವಿಷಯಗಳು ಅವು. ಎರಡನೆಯ ಕಾಲಮ್‌ನಲ್ಲಿ ಚೌಕಾಸಿಗೆ ಇಡುವಂಥವು. ಮೂರನೆಯದು ನಿಮ್ಮ ಇಷ್ಟಾನಿಷ್ಟ.

ನನ್ನ 2024ರ ಹಾಳೆ ಇನ್ನೂ ಇದೆ. ‘ಬಿಡಲ್ಲ’ ಕಾಲಮ್‌ನಲ್ಲಿ ಎರಡೇ ಸಾಲು. ಕೋರ್ಟಿನ ತೀರ್ಪಿಗೂ ಮತ ಎಣಿಕೆಗೂ ತಲೆಬಾಗಬೇಕು. ಕಾನೂನನ್ನು ಬರೆದಿರುವ ಹಾಗೆ ಓದುವ ನ್ಯಾಯಾಧೀಶರನ್ನೇ ನೇಮಿಸಬೇಕು. ಮೊದಲ ಸಾಲು ಬರೆಯುವಾಗ ಕೈ ಸ್ವಲ್ಪವೂ ತಡೆಯಲಿಲ್ಲ. ಪೌರತ್ವದ ದಿನ ಬಲಗೈ ಎತ್ತಿ ನಾನು ಪ್ರಮಾಣ ಮಾಡಿದ್ದು ಸಂವಿಧಾನದ ಹೆಸರಲ್ಲಿ. ಯಾವ ಪಕ್ಷದ ಹೆಸರೂ ಆ ಪ್ರಮಾಣದಲ್ಲಿ ಇರಲಿಲ್ಲ.

ರಾಷ್ಟ್ರದ ಸಾಲ ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ನಾನು ಅಕೌಂಟೆಂಟ್ ತಾನೇ, ಅದೇ ಮೊದಲು ಇರಬೇಕಿತ್ತು. ಮೊದಲು ಅಲ್ಲೇ ಬರೆದಿದ್ದೆ. ಆಮೇಲೆ ಲೆಕ್ಕ ನೋಡಿದೆ. ರೊನಾಲ್ಡ್ ರೇಗನ್ ಬಂದಾಗ ಒಂದು ಟ್ರಿಲಿಯನ್ ಡಾಲರ್‌ಗಿಂತ ಕಡಿಮೆ ಇದ್ದ ಸಾಲ, ಅವರು ಹೋಗುವಾಗ 2.6 ಟ್ರಿಲಿಯನ್ ದಾಟಿತ್ತು. ಜಾರ್ಜ್ ಡಬ್ಲ್ಯು. ಬುಶ್ ಕಾಲದಲ್ಲಿ 5.7ರಿಂದ 10.6ಕ್ಕೆ ಏರಿತು. ಟ್ರಂಪ್ ಅವರ ಮೊದಲ ಅವಧಿಯಲ್ಲಿ 19.9ರಿಂದ 27.7ಕ್ಕೆ. ಸಾಲವನ್ನು ‘ಬಿಡಲ್ಲ’ ಕಾಲಮ್‌ನಲ್ಲಿ ಇಟ್ಟರೆ ನಾನು ಓಟು ಹಾಕುವುದಕ್ಕೆ ಇತ್ತೀಚಿನ ಐವತ್ತು ವರ್ಷದಲ್ಲಿ ಒಬ್ಬ ರಿಪಬ್ಲಿಕನ್ ಅಧ್ಯಕ್ಷರೂ ಉಳಿಯುವುದಿಲ್ಲ. ಸಂಕಟಪಟ್ಟುಕೊಂಡೇ ಅದನ್ನು ಎರಡನೆಯ ಕಾಲಮ್‌ಗೆ ಹಾಕಿದೆ. ಹಾಕಿದ ಮೇಲೆ ಒಂದು ಅನುಕೂಲವಾಯಿತು. ಸುಮ್ನೆ ಕೊರಗುವುದನ್ನು ಬಿಟ್ಟು, ಅದನ್ನು ಎಲ್ಲಿ, ಯಾರ ಹತ್ತಿರ ಕೇಳಬೇಕು ಎಂದು ಹುಡುಕಲು ಶುರು ಮಾಡಿದೆ.

ಈ ಹಾಳೆ ಇಟ್ಟುಕೊಂಡು ಅಭ್ಯರ್ಥಿಗಳನ್ನು ನೋಡುವಾಗ ಭಾಷಣ ಬಿಡಿ, ಸಹಿ ನೋಡಿ. ರಾಜ್ಯ ಸರ್ಕಾರ ನಡೆಸುವ ಗವರ್ನರ್ ಆಗಿದ್ದವರಾದರೆ ಯಾವ ಬಜೆಟ್‌ಗೆ ಸಹಿ ಹಾಕಿದರು, ಯಾವ ಮಸೂದೆಗೆ ವೀಟೊ ಹಾಕಿದರು? ಸೆನೆಟರ್ ಆದರೆ ಹೆಸರು ಕರೆದು ತೆಗೆದುಕೊಂಡ ಮತಗಳಲ್ಲಿ ಯಾವ ಕಡೆ ಇದ್ದರು? ಯಾರನ್ನು ಯಾವ ಜಾಗಕ್ಕೆ ನೇಮಿಸಿದರು? ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಕನ್ವೆನ್ಷನ್ ಎನ್ನುತ್ತಾರೆ. 1988ರ ನ್ಯೂ ಆರ್ಲಿಯನ್ಸ್ ಕನ್ವೆನ್ಷನ್‌ನಲ್ಲಿ ಜಾರ್ಜ್ ಎಚ್. ಡಬ್ಲ್ಯು. ಬುಶ್ ಹೊಸ ತೆರಿಗೆ ಹಾಕುವುದೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. 1990ರಲ್ಲಿ ತೆರಿಗೆ ಏರಿಸುವ ಒಪ್ಪಂದಕ್ಕೆ ಒಪ್ಪಿದರು. ಅದೇ ವರ್ಷ ಅವರು ಸುಪ್ರೀಂ ಕೋರ್ಟಿಗೆ ನೇಮಿಸಿದ ಡೇವಿಡ್ ಸೂಟರ್ ಕೊನೆಗೆ ಲಿಬರಲ್ ನ್ಯಾಯಾಧೀಶರ ಜೊತೆ ನಿಂತರು. 1992ರ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ, ಹಾಲಿ ಅಧ್ಯಕ್ಷರ ಎದುರು ನಿಂತ ಪ್ಯಾಟ್ ಬ್ಯುಕ್ಯಾನನ್‌ಗೆ ಶೇ 37 ಓಟು ಸಿಕ್ಕಿದ್ದು ಸುಮ್ಮನೆ ಅಲ್ಲ. ಮಾತು ಮುರಿದರೆ ಒಗ್ಗಟ್ಟು ಆಗಲೇ ಮುರಿದಿರುತ್ತದೆ, ಬಂಡಾಯ ಎದ್ದವರು ಅದನ್ನು ಜೋರಾಗಿ ಹೇಳುತ್ತಾರೆ ಅಷ್ಟೇ.

ಗೆಲ್ಲುತ್ತಾರಾ ಎಂಬ ಪ್ರಶ್ನೆ

ಕನ್ಸರ್ವೇಟಿವ್‌ಗಳಲ್ಲಿ ಒಂದು ಹಳೆಯ ಸೂತ್ರ ಇದೆ. 1967ರಲ್ಲಿ ಕನ್ಸರ್ವೇಟಿವ್ ಲೇಖಕ ವಿಲಿಯಂ ಎಫ್. ಬಕ್ಲಿ ಹೇಳಿದ್ದು. ಗೆಲ್ಲುವ ಸಾಧ್ಯತೆ ಇರುವವರಲ್ಲಿ ಅತಿ ಹೆಚ್ಚು ಬಲಪಂಥೀಯರು ಯಾರೋ ಅವರನ್ನು ಬೆಂಬಲಿಸಿ ಎಂಬ ಅರ್ಥದ ಮಾತು. ಕೇಳಲು ಸುಲಭ. ತೊಂದರೆ ಇರುವುದು ‘ಗೆಲ್ಲುವ ಸಾಧ್ಯತೆ’ ಎಂಬುದರಲ್ಲಿ.

ನಾನು ಕಂಡ ಚುನಾವಣೆಗಳನ್ನೇ ಹೇಳುತ್ತೇನೆ. 2008ರಲ್ಲಿ ಜಾನ್ ಮೆಕೇನ್ ಪಕ್ಷದಾಚೆಯ ಓಟು ತರುತ್ತಾರೆ ಎಂದರು. ಅಧ್ಯಕ್ಷರನ್ನು ಕೊನೆಗೆ ತೀರ್ಮಾನಿಸುವ, ರಾಜ್ಯವಾರು ಲೆಕ್ಕದ ಎಲೆಕ್ಟೋರಲ್ ಓಟಿನಲ್ಲಿ 365ಕ್ಕೆ 173ರಲ್ಲಿ ಸೋತರು. 2012ರಲ್ಲಿ ಮಿಟ್ ರಾಮ್ನಿ ಮಾತ್ರ ಗೆಲ್ಲಬಲ್ಲರು ಎಂದರು. 332ಕ್ಕೆ 206. 2016ರಲ್ಲಿ ಟ್ರಂಪ್ ಗೆಲ್ಲುವುದೇ ಇಲ್ಲ ಎಂದು ನನಗೆ ಹೇಳಿದವರು ಲೆಕ್ಕವಿಲ್ಲ. ಅವರು ಗೆದ್ದರು. 1980ರಲ್ಲಿ ರೇಗನ್ ಅವರನ್ನು ಅತಿರೇಕದ ಮನುಷ್ಯ ಎಂದವರೂ ಇದ್ದರು. ಅವರು 44 ರಾಜ್ಯ ಗೆದ್ದರು. ಪಕ್ಕದ ಮನೆಯವರ ಊಹೆಗಿಂತ ನನ್ನ ಊಹೆ ಮೇಲೇನಲ್ಲ ಎಂದು ಈಗ ಗೊತ್ತಾಗಿದೆ.

ಹಾಗಂತ ಈ ಪ್ರಶ್ನೆಯನ್ನು ಬಿಸಾಕಲು ಆಗುವುದಿಲ್ಲ. 1964 ಅದಕ್ಕೆ ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೋದ ಕೌ ಪ್ಯಾಲೇಸ್‌ನಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಅಭ್ಯರ್ಥಿಯಾದರು. ಪಕ್ಷದೊಳಗಿನ ಎದುರಾಳಿ ನೆಲ್ಸನ್ ರಾಕಫೆಲರ್ ಮಾತಾಡಲು ನಿಂತಾಗ ಸಭೆ ಕೂಗಿ ಗದ್ದಲ ಮಾಡಿತು. ಸ್ವಾತಂತ್ರ್ಯ ರಕ್ಷಣೆಗಾಗಿ ಉಗ್ರವಾದ ದೋಷವಲ್ಲ ಎಂದು ಗೋಲ್ಡ್‌ವಾಟರ್ ಭಾಷಣದಲ್ಲಿ ಹೇಳಿದರು. ಸೋತವರನ್ನು ಹತ್ತಿರ ಕರೆದುಕೊಳ್ಳುವ ಒಂದು ಮಾತೂ ಅವರಿಗೆ ಬೇಕಾಗಿರಲಿಲ್ಲ. ನವೆಂಬರ್‌ನಲ್ಲಿ ಆರು ರಾಜ್ಯ ಬಿಟ್ಟು ಎಲ್ಲ ಹೋಯಿತು, 486ಕ್ಕೆ 52. ಅಧ್ಯಕ್ಷ ಪದವಿ ಹೋದದ್ದು ಒಂದು ಕಡೆ. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಡೆಮಾಕ್ರಟರಿಗೆ ಭಾರಿ ಬಹುಮತ ಬಂತು. ಮರುವರ್ಷವೇ ಹಿರಿಯರಿಗೂ ಬಡವರಿಗೂ ಸರ್ಕಾರಿ ಆರೋಗ್ಯ ವಿಮೆ ಕೊಡುವ ಮೆಡಿಕೇರ್, ಮೆಡಿಕೇಡ್ ಕಾನೂನಾದವು. ಅವು ಬೇಕಿತ್ತೋ ಬೇಡವೋ ಎಂಬುದು ಬೇರೆ ಚರ್ಚೆ. ಸಣ್ಣ ಸರ್ಕಾರ ಬೇಕು ಎಂದವರ ಸೋಲಿನಿಂದಲೇ ಸರ್ಕಾರ ಅಷ್ಟು ಬೇಗ ಬೆಳೆಯಿತು ಎಂಬುದನ್ನು ಮಾತ್ರ ನಾವು ಒಪ್ಪಿಕೊಳ್ಳಬೇಕು.

ಅದಕ್ಕೇ ‘ಗೆಲ್ಲುತ್ತಾರಾ’ ಎಂಬುದನ್ನು ಕೊನೆಗೆ ಕೇಳಿ. ‘ಬಿಡಲ್ಲ’ ಕಾಲಮ್ ದಾಟಿದವರು ಇಬ್ಬರು ಉಳಿದಾಗ, ಅವರಿಬ್ಬರ ನಡುವೆ ತೂಗಲು ಮಾತ್ರ ಬಳಸಿ. ಮೊದಲೇ ಕೇಳಿದರೆ ಹಾಳೆಯೇ ಬೇಕಾಗುವುದಿಲ್ಲ, ಪಕ್ಕದ ಮನೆಯವರೇ ಸಾಕು.

ಚೀಟಿ ಹಾಕಿ ಎದ್ದು ಹೋಗಬೇಡಿ

ಇದು ನಾನು ಮಾಡಿದ ತಪ್ಪು. 2012ರ ಜನವರಿ 3ರ ಕಾಕಸ್‌ನಲ್ಲಿ ಓಟು ಹಾಕಿ, ಎಣಿಕೆ ಕೇಳಿ, ಎಂಟೂಕಾಲಿಗೆಲ್ಲ ಎದ್ದುಬಂದೆವು. ಮರುದಿನ ಮಗಳಿಗೆ ಸ್ಕೂಲು. ಹಾಲ್‌ನಲ್ಲಿದ್ದ ಮುಕ್ಕಾಲು ಪಾಲು ಜನ ನಮ್ಮ ಜೊತೆಗೇ ಎದ್ದರು. ಮೂಲೆಯಲ್ಲಿ ಕೂತಿದ್ದ, ಇನ್ನೊಬ್ಬ ಅಭ್ಯರ್ಥಿ ರಾನ್ ಪಾಲ್ ಕಡೆಯ ಹುಡುಗರು ಮಾತ್ರ ಅಲ್ಲಾಡಲಿಲ್ಲ.

ಆ ರಾತ್ರಿ ರಾಮ್ನಿ 8 ಓಟಿನಿಂದ ಗೆದ್ದರು ಎಂದರು. ಎರಡು ವಾರದ ಮೇಲೆ ಅಲ್ಲ, ರಿಕ್ ಸ್ಯಾಂಟೋರಮ್ 34 ಓಟು ಮುಂದಿದ್ದಾರೆ ಎಂದರು. ರಾನ್ ಪಾಲ್ ಮೂರನೆಯವರು. ಆಗಸ್ಟ್‌ನಲ್ಲಿ ಟ್ಯಾಂಪಾ ಕನ್ವೆನ್ಷನ್ ಅನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದೆವು. ಅಯೋವಾದ ಸರದಿ ಬಂತು. 28 ಡೆಲಿಗೇಟ್‌ಗಳಲ್ಲಿ 22 ಜನ ರಾನ್ ಪಾಲ್‌ಗೆ ಹಾಕಿದರು. ನಾನು ಬಾಯಿಬಿಟ್ಟುಕೊಂಡು ನೋಡಿದೆ.

ಮೋಸ ಏನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ ನಾವು ಬರೆದ ಚೀಟಿ ಬರೀ ಅಭಿಪ್ರಾಯ. ನಿಜವಾದ ಆಯ್ಕೆ ನಡೆದದ್ದು ನಾವು ಎದ್ದುಹೋದ ಮೇಲೆ. ಉಳಿದವರು ಕೌಂಟಿ (ರಾಜ್ಯದೊಳಗಿನ ಸ್ಥಳೀಯ ಆಡಳಿತ ವಿಭಾಗ) ಕನ್ವೆನ್ಷನ್‌ಗೆ ಡೆಲಿಗೇಟ್‌ಗಳನ್ನು ಆರಿಸಿದರು. ಅಲ್ಲಿಂದ ಜಿಲ್ಲೆ, ಅಲ್ಲಿಂದ ರಾಜ್ಯ, ಅಲ್ಲಿಂದ ಟ್ಯಾಂಪಾ. ಆ ಹುಡುಗರು ಕಷ್ಟಪಟ್ಟು ಕೂತರು, ನಾವು ಮನೆಗೆ ಹೋದೆವು. ಆಮೇಲೆ ಪಕ್ಷ ನಿಯಮ ಬದಲಿಸಿತು. 2016ರಿಂದ ಜನರ ಓಟಿಗೆ ಡೆಲಿಗೇಟ್‌ಗಳು ಬದ್ಧ. ಆದರೆ ಪಕ್ಷದ ನಿಲುವುಗಳನ್ನು ಹೇಳುವ ಪ್ಲಾಟ್‌ಫಾರ್ಮ್ ಬರೆಯುವವರು, ಕನ್ವೆನ್ಷನ್‌ನ ನಿಯಮ ಮಾಡುವವರು ಇವತ್ತಿಗೂ ಆ ದಾರಿಯಲ್ಲೇ ಬರುತ್ತಾರೆ.

2024ರ ಜನವರಿ 15 ನಮ್ಮ ಕಾಕಸ್‌ಗಳಲ್ಲೇ ಅತಿ ಚಳಿಯ ರಾತ್ರಿ. ಕಾರಿನ ಬಾಗಿಲು ಹಿಮಕ್ಕೆ ಅಂಟಿಕೊಂಡಿತ್ತು. ಆ ದಿನ ನಾವು ಕೊನೆಯವರೆಗೂ ಕೂತೆವು. ನಾನು ಮನೆಯಲ್ಲೇ ಬರೆದು ತಂದಿದ್ದ ಮೂರು ಸಾಲಿನ ನಿರ್ಣಯವನ್ನು ನಿಂತು ಓದಿದೆ. ರಾಷ್ಟ್ರದ ಸಾಲ ಆಗಷ್ಟೇ 34 ಟ್ರಿಲಿಯನ್ ದಾಟಿತ್ತು. ಸಾಲದ ಬಡ್ಡಿಯನ್ನು ಬಜೆಟ್‌ನಲ್ಲಿ ಮೊದಲ ಸಾಲಾಗಿ ತೋರಿಸಬೇಕು, ಹೊಸ ಖರ್ಚಿಗೆ ಸಮನಾದ ಕಡಿತ ಹೇಳಬೇಕು, ಇಷ್ಟೇ. ಧ್ವನಿ ನಡುಗುತ್ತಿತ್ತು. ಹಿಂದಿನ ಸಾಲಿನ ರೈತರೊಬ್ಬರು ‘ಸ್ವಲ್ಪ ಜೋರಾಗಿ ಓದಿ’ ಎಂದರು. ಮತ್ತೆ ಓದಿದೆ. ಉಳಿದಿದ್ದ ಮೂವತ್ತೊಂದು ಜನರಲ್ಲಿ ಇಪ್ಪತ್ತಾರು ಕೈ ಮೇಲೆದ್ದವು. ಕಾಗದ ಕೌಂಟಿ ಸಮಿತಿಗೆ ಹೋಯಿತು. ಹದಿನಾರು ವರ್ಷದಲ್ಲಿ ನಾನು ಬರೆದ ನಾಲ್ಕು ಚೀಟಿಗಳಿಗಿಂತ ಆ ಮೂರು ಸಾಲು ದೂರ ಹೋಯಿತು ಎಂದು ನಾನು ನಂಬುತ್ತೇನೆ.

ನೀವು ಪ್ರೈಮರಿ ರಾಜ್ಯದಲ್ಲಿದ್ದರೆ ಕೌಂಟಿ ಪಕ್ಷದ ಸಭೆ ಯಾವಾಗ ಎಂದು ಫೋನ್ ಮಾಡಿ ಕೇಳಿ. ಅಲ್ಲಿ ಖಾಲಿ ಕುರ್ಚಿಗಳು ಯಾವಾಗಲೂ ಇರುತ್ತವೆ.

ಒಗ್ಗಟ್ಟಿಗೆ ಬೆಲೆ ಕೇಳಿ

ನಿಮ್ಮ ಅಭ್ಯರ್ಥಿ ಸೋತರು ಎಂದುಕೊಳ್ಳಿ. ಮರುದಿನದಿಂದಲೇ ಫೋನು ಬರುತ್ತದೆ. ‘ಆಯ್ತಲ್ಲ, ಈಗ ಎಲ್ಲರೂ ಒಂದಾಗೋಣ.’ ಇಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಏನೂ ಕೇಳದೆ ಒಪ್ಪಿಬಿಡುತ್ತಾರೆ, ಇಲ್ಲವೇ ಮುನಿಸಿಕೊಂಡು ಮನೆ ಸೇರುತ್ತಾರೆ. ಎರಡರಿಂದಲೂ ತತ್ವಕ್ಕೆ ಏನೂ ಸಿಗುವುದಿಲ್ಲ.

ಒಂದೇ ಮನೆತನದ ಕತೆ ನೋಡಿ. 1912ರ ಶಿಕಾಗೋ ಕನ್ವೆನ್ಷನ್‌ನಲ್ಲಿ ಹಾಲಿ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್, ಪ್ರೈಮರಿಗಳಲ್ಲಿ ಮುಂದಿದ್ದ ಥಿಯೊಡರ್ ರೂಸ್‌ವೆಲ್ಟ್ ಅವರ ವಿರುದ್ಧ ಪಕ್ಷದ ಯಂತ್ರ ಬಳಸಿ ಗೆದ್ದರು. ರೂಸ್‌ವೆಲ್ಟ್ ಹೊರನಡೆದು ಹೊಸ ಪಕ್ಷ ಕಟ್ಟಿದರು. ಓಟು ಸೀಳಿತು. ಶೇ 42ರಷ್ಟೂ ಓಟು ಪಡೆಯದ ವುಡ್ರೊ ವಿಲ್ಸನ್ 435 ಎಲೆಕ್ಟೋರಲ್ ಓಟು ಬಾಚಿಕೊಂಡರು. ಟಾಫ್ಟ್‌ಗೆ ಉಳಿದದ್ದು ಯೂಟಾ, ವರ್ಮಾಂಟ್ ಎರಡೇ ರಾಜ್ಯ, 8 ಓಟು.

ನಲವತ್ತು ವರ್ಷದ ಮೇಲೆ ಅದೇ ಊರಿನಲ್ಲಿ ಅವರ ಮಗ ರಾಬರ್ಟ್ ಟಾಫ್ಟ್ ಸೋತರು. ಕನ್ಸರ್ವೇಟಿವ್‌ಗಳ ಕಣ್ಮಣಿಯಾಗಿದ್ದವರು. ಗೆದ್ದವರು ಡ್ವೈಟ್ ಐಸೆನ್‌ಹೋವರ್. ಟಾಫ್ಟ್ ಬೆಂಬಲಿಗರು ಕುದಿಯುತ್ತಿದ್ದರು. ಟಾಫ್ಟ್ ಹೊರನಡೆಯಲಿಲ್ಲ, ತಕ್ಷಣ ಕೈಯನ್ನೂ ಹಿಡಿಯಲಿಲ್ಲ. ಕಾದರು. 1952ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮಾರ್ನಿಂಗ್‌ಸೈಡ್ ಹೈಟ್ಸ್‌ನಲ್ಲಿದ್ದ ಐಸೆನ್‌ಹೋವರ್ ಮನೆಗೆ ಬೆಳಗಿನ ತಿಂಡಿಗೆ ಹೋದರು. ಹೊರಬಂದಾಗ ಕೈಯಲ್ಲಿ ಬರಹದ ಹೇಳಿಕೆ ಇತ್ತು. ಸರ್ಕಾರದ ಖರ್ಚು ಇಳಿಸುವುದು, ತಾವೇ ತಂದಿದ್ದ ಟಾಫ್ಟ್-ಹಾರ್ಟ್ಲಿ ಕಾರ್ಮಿಕ ಕಾನೂನಿನ ಮೂಲ ಅಂಶ ಉಳಿಸುವುದು, ನೇಮಕಾತಿಯಲ್ಲಿ ತಮ್ಮ ಕಡೆಯವರಿಗೆ ತಾರತಮ್ಯ ಮಾಡದಿರುವುದು. ಅದಾದ ಮೇಲೆ ಟಾಫ್ಟ್ ಮನಸಾರೆ ಪ್ರಚಾರ ಮಾಡಿದರು. ಐಸೆನ್‌ಹೋವರ್ 442ಕ್ಕೆ 89ರಲ್ಲಿ ಗೆದ್ದರು. ಟಾಫ್ಟ್ ಸೆನೆಟ್‌ನಲ್ಲಿ ಬಹುಮತದ ನಾಯಕರಾದರು. ಎದುರಾಳಿಗಳು ಅದನ್ನು ಶರಣಾಗತಿ ಎಂದು ಜರಿದರು. ನನಗೆ ಅದು ವ್ಯವಹಾರ ಗೊತ್ತಿದ್ದವರ ಕೆಲಸವಾಗಿ ಕಾಣುತ್ತದೆ.

2016ರಲ್ಲೂ ಇದೇ ನಡೆಯಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಕನ್ಸರ್ವೇಟಿವ್ ನ್ಯಾಯಾಧೀಶ ಆಂಟೊನಿನ್ ಸ್ಕಲಿಯಾ ತೀರಿಕೊಂಡರು. ಆ ಜಾಗಕ್ಕೆ ಯಾರು ಬರುತ್ತಾರೆ ಎಂಬುದೇ ನಮ್ಮಂಥವರ ಚಿಂತೆ. ಮೇ ತಿಂಗಳಲ್ಲಿ ಟ್ರಂಪ್ 11 ಹೆಸರುಗಳ ಪಟ್ಟಿ ಕೊಟ್ಟರು. ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ಕನ್ವೆನ್ಷನ್ ವೇದಿಕೆಯಲ್ಲಿ ಕ್ರೂಝ್ ಬೆಂಬಲ ಘೋಷಿಸದೆ, ಮನಸ್ಸಾಕ್ಷಿಯಂತೆ ಓಟು ಹಾಕಿ ಎಂದರು. ಸಭೆ ಅವರನ್ನು ಕೂಗಿ ಕೆಳಗಿಳಿಸಿತು. ಸೆಪ್ಟೆಂಬರ್ 23ರಂದು ಟ್ರಂಪ್ ಇನ್ನೂ 10 ಹೆಸರು ಸೇರಿಸಿದರು. ಅದೇ ದಿನ ಕ್ರೂಝ್ ಬೆಂಬಲ ಘೋಷಿಸಿದರು. ಮರುವರ್ಷ ಸ್ಕಲಿಯಾ ಜಾಗಕ್ಕೆ ಬಂದ ನೀಲ್ ಗೋರ್ಸಚ್ ಅವರ ಹೆಸರು ಇದ್ದದ್ದು ಆ ಎರಡನೆಯ ಪಟ್ಟಿಯಲ್ಲಿ. ಎಲ್ಲರೂ ಮೇ ತಿಂಗಳಲ್ಲೇ ಸುಮ್ಮನಾಗಿದ್ದರೆ ಎರಡನೆಯ ಪಟ್ಟಿ ಬರುತ್ತಿತ್ತಾ? ನನಗೇನೋ ಅನುಮಾನ.

ಅತಿ ಅಗ್ಗವಾಗಿ ಮಾರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮೆಚ್ಚಿನ ರೇಗನ್ ಅವರೇ ಉದಾಹರಣೆ. 1976ರಲ್ಲಿ ಕನ್ವೆನ್ಷನ್‌ಗೆ ಮೊದಲೇ, ಡೆಲಿಗೇಟ್ ಸಿಗಲಿ ಎಂದು ಪೆನ್ಸಿಲ್ವೇನಿಯಾದ ರಿಚರ್ಡ್ ಶ್ವೈಕರ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಿದರು. ಅವರು ಲಿಬರಲ್ ಒಲವಿನವರು. ಪೆನ್ಸಿಲ್ವೇನಿಯಾ ಬರಲಿಲ್ಲ, ಮಿಸಿಸಿಪ್ಪಿಯ ಕನ್ಸರ್ವೇಟಿವ್‌ಗಳು ಮುನಿಸಿಕೊಂಡರು. ಹಾಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ 1187ಕ್ಕೆ 1070ರಲ್ಲಿ ಗೆದ್ದರು. ಆದರೆ ಅದೇ ಕ್ಯಾನ್ಸಸ್ ಸಿಟಿ ಕನ್ವೆನ್ಷನ್‌ನಲ್ಲಿ ರೇಗನ್ ಕಡೆಯವರು ವಿದೇಶಾಂಗ ನೀತಿಯಲ್ಲಿ ನೈತಿಕತೆ ಇರಬೇಕು ಎಂಬ ಅಂಶವನ್ನು ಪ್ಲಾಟ್‌ಫಾರ್ಮ್‌ಗೆ ಸೇರಿಸಿದರು. ಅದು ಫೋರ್ಡ್ ನೀತಿಯನ್ನೇ ಟೀಕಿಸುವ ಮಾತು. ಜಗಳ ಬೇಡವೆಂದು ಫೋರ್ಡ್ ನುಂಗಿಕೊಂಡರು. ನಾಲ್ಕು ವರ್ಷದ ಮೇಲೆ ಪಕ್ಷ ರೇಗನ್ ಅವರದಾಯಿತು.

ನಾವು ಸೆನೆಟರ್‌ಗಳಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ ಅನ್ನಿಸಬಹುದು. ಆ ಫೋನು ಬಂದಾಗ ಹೀಗೆ ಹೇಳಿ: ‘ಬರ್ತೀನಿ. ಆದರೆ ಈ ಎರಡು ವಿಷಯದಲ್ಲಿ ಅಭ್ಯರ್ಥಿ ಏನು ಮಾಡ್ತಾರೆ ಅಂತ ಬರೆದು ಕಳಿಸಿ. ಉತ್ತರ ನೋಡಿ ದುಡ್ಡೂ ಕೊಡ್ತೀನಿ, ಬಾಗಿಲು ತಟ್ಟೋಕೂ ಬರ್ತೀನಿ.’ ಎರಡನೆಯ ಕಾಲಮ್‌ನಿಂದ ಎರಡೇ ವಿಷಯ ಕೇಳಿ. ಹತ್ತು ಕೇಳಿದರೆ ಒಂದೂ ಸಿಗುವುದಿಲ್ಲ. ಕೇಳಿದ್ದು ಸಿಕ್ಕರೆ ಮಾತಿಗೆ ತಪ್ಪಬೇಡಿ. ಪಡೆದುಕೊಂಡ ಮೇಲೂ ಹಿಂದೆ ಸರಿದರೆ ಮುಂದಿನ ಸಲ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ನವೆಂಬರ್ ಹತ್ತಿರ ಬಂದಾಗ

ಅಭ್ಯರ್ಥಿ ನಿಮ್ಮ ‘ಬಿಡಲ್ಲ’ ಕಾಲಮ್ ಮುರಿದಿಲ್ಲ ಎಂದರೆ ಓಟು ಹಾಕಿ. ಎರಡನೆಯ, ಮೂರನೆಯ ಕಾಲಮ್‌ನ ಬೇಸರಗಳನ್ನು ಮುಂದಿನ ಪ್ರೈಮರಿಗೆ ಎತ್ತಿಡಿ. 1960ರಲ್ಲಿ ಗೋಲ್ಡ್‌ವಾಟರ್ ಬೆಂಬಲಿಗರು ರಿಚರ್ಡ್ ನಿಕ್ಸನ್ ಮೇಲೆ ಸಿಟ್ಟಾಗಿ ಗೋಲ್ಡ್‌ವಾಟರ್ ಹೆಸರನ್ನೇ ಎತ್ತಿದಾಗ, ಗೋಲ್ಡ್‌ವಾಟರ್ ತಮ್ಮ ಹೆಸರನ್ನು ವಾಪಸ್ ಪಡೆದು ಹೇಳಿದ್ದು ಇದನ್ನೇ. ಕನ್ಸರ್ವೇಟಿವ್‌ಗಳೇ, ಹುಡುಗಾಟ ಬಿಟ್ಟು ದೊಡ್ಡವರಾಗೋಣ, ಪಕ್ಷ ನಮ್ಮದಾಗಬೇಕಾದರೆ ಕೆಲಸ ಶುರು ಮಾಡೋಣ ಎಂದು.

ಆ ಕಾಲಮ್ ಮುರಿದಿದ್ದರೆ ಹಾಕಬೇಡಿ. ಅಧ್ಯಕ್ಷರ ಜಾಗ ಖಾಲಿ ಬಿಟ್ಟರೂ ಮತಪತ್ರದ ಉಳಿದ ಭಾಗ ಎಣಿಕೆಯಾಗುತ್ತದೆ. ಸೆನೆಟ್, ಹೌಸ್, ರಾಜ್ಯದ ಶಾಸಕರು, ಕೌಂಟಿ ಅಧಿಕಾರಿಗಳು ಎಲ್ಲರಿಗೂ ಓಟು ಹಾಕಿಯೇ ಬನ್ನಿ. ಬರೀ ಕೋಪದಲ್ಲಿ ಮನೆಯಲ್ಲಿ ಕೂತರೆ ನಿಮಗೆ ಒಪ್ಪುವ ಆ ಜನರನ್ನೂ ಕೈಬಿಟ್ಟ ಹಾಗೆ. ನಿಮ್ಮ ಹಾಗೆ ಯೋಚಿಸದ ಸ್ನೇಹಿತರನ್ನು ದ್ರೋಹಿ ಎನ್ನಬೇಡಿ. ಅವರ ಹಾಳೆಯಲ್ಲಿ ಬೇರೆ ಸಾಲು ಇರಬಹುದು.

ನಾವಿಬ್ಬರೂ ಈಗ ಒಂದು ಅಭ್ಯಾಸ ಇಟ್ಟುಕೊಂಡಿದ್ದೇವೆ. ಡಿಬೇಟ್ ಶುರುವಾಗುವ ವಾರ ಅವರವರ ಹಾಳೆ ಬರೆದು, ತಾರೀಖು ಹಾಕಿ, ಲಕೋಟೆಯಲ್ಲಿ ಅಂಟಿಸಿ ತೆರಿಗೆ ಕಾಗದಗಳ ಡ್ರಾಯರ್‌ನಲ್ಲಿ ಇಡುತ್ತೇವೆ. ಕನ್ವೆನ್ಷನ್ ಮುಗಿದ ಶನಿವಾರ ಒಬ್ಬರದನ್ನು ಇನ್ನೊಬ್ಬರು ಒಡೆದು ಓದುತ್ತೇವೆ. 2024ರಲ್ಲಿ ಅವರ ‘ಬಿಡಲ್ಲ’ ಕಾಲಮ್‌ನಲ್ಲಿ ಏನಿತ್ತು ಎಂದು ಓದಿದಾಗ, ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ನನಗೆ ಗೊತ್ತಿರದ ಒಂದು ಸಾಲು ಅಲ್ಲಿತ್ತು. ಅದರ ಬಗ್ಗೆ ಆ ರಾತ್ರಿ ಎರಡು ಗಂಟೆ ಮಾತಾಡಿದೆವು. 2028ಕ್ಕೆ ನನ್ನ ಹಾಳೆಯ ಮೊದಲ ಕಾಲಮ್‌ನಲ್ಲಿ ಮೂರನೆಯ ಸಾಲಿಗೆ ಜಾಗ ಬಿಟ್ಟಿದ್ದೇನೆ. ಇನ್ನೂ ಬರೆದಿಲ್ಲ.